ಅಕ್ಕನ ಹಣೆಯ ಭಂಡಾರ

ಕಥೆ ಕೇಳಿದವರಿಗೆ ಕಥೆ ಅರ್ಥವಾಯಿತೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಕೆಲಸ. ಹೀಗೂ ಒಂದು ಕೆಲಸ ಇರುತ್ತದೆ ಎಂದರೆ ಆದೋನಿಯಲ್ಲಿ ನನ್ನ ಬೀಗರು ಈಗಲೂ ನಂಬುವುದಿಲ್ಲ. ನಮ್ಮ ಮಿಷನ್ ಸಂಸ್ಥೆ ಯೇಸುಸ್ವಾಮಿ ಹೇಳಿದ ಕಥೆಗಳನ್ನು ಹಲವು ದೇಶಗಳಲ್ಲಿ, ಓದು ಬಾರದವರ ಆಡುಮಾತಿನಲ್ಲಿ ಧ್ವನಿಮುದ್ರಿಸಿ ಹಂಚುತ್ತದೆ. ಆಂಧ್ರ ಎಂದಮೇಲೆ ತೆಲುಗು ಸಾಕು ಎಂದು ನಗರದ ಕಚೇರಿಯವರು ಬಹಳ ಕಾಲ ಪಟ್ಟು ಹಿಡಿದಿದ್ದರು. ಹೊಳಗುಂದದ ಕಡೆ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ ಎಂದು ನಾನು ಪತ್ರದ ಮೇಲೆ ಪತ್ರ ಬರೆದೆ. ಕೊನೆಗೆ, ನನ್ನ ಪತ್ರ ಓದಿ ಸಾಕಾಗಿಯೋ ಏನೋ, ನಮ್ಮ ಕಡೆಯ ಕನ್ನಡದಲ್ಲಿ ಹನ್ನೆರಡು ಕಥೆಗಳಿಗೆ ಒಪ್ಪಿಗೆ ಕೊಟ್ಟರು.

ಪರೀಕ್ಷೆಯ ವಿಧಾನ ಹೀಗೆ. ನಮ್ಮ ಕ್ರೈಸ್ತ ಸಭೆಗೆ ಸೇರದ, ಆ ಕಥೆಯನ್ನು ಹಿಂದೆಂದೂ ಕೇಳಿರದ ಒಬ್ಬರನ್ನು ಹುಡುಕಬೇಕು. ಕಥೆಯನ್ನು ಎರಡು ಸಲ ಕೇಳಿಸಬೇಕು. ಆಮೇಲೆ ಅವರ ಬಾಯಿಂದಲೇ ಅದನ್ನು ಮತ್ತೆ ಹೇಳಿಸಿ ಮುದ್ರಿಸಿಕೊಳ್ಳಬೇಕು. ಅವರು ಬಿಟ್ಟದ್ದು, ಸೇರಿಸಿದ್ದು, ಬದಲಿಸಿದ್ದು ಎಲ್ಲವನ್ನೂ, ಒಂದು ಪದವನ್ನೂ ತಿದ್ದದೆ, ಇಂಗ್ಲಿಷಿಗೆ ಇಳಿಸಬೇಕು. ಹೊರದೇಶದಲ್ಲಿ ಕೂತ ಸಲಹೆಗಾರರು ಅದನ್ನು ಓದಿ, ನಮ್ಮ ಧ್ವನಿಮುದ್ರಣದಲ್ಲಿ ಎಲ್ಲಿ ಎಡವಟ್ಟಾಗಿದೆ ಎಂದು ತಿಳಿಯುತ್ತಾರೆ. ಎಲ್ಲ ಮುಗಿದ ಮೇಲೆ ಪರೀಕ್ಷಕನ ಸಹಿ. ಆ ಸಹಿ ಇಲ್ಲದೆ ಕಥೆಗಳು ಹೊರಗೆ ಹೋಗುವಂತಿಲ್ಲ. ಇಡೀ ಸಂಸ್ಥೆಯಲ್ಲಿ ನನಗಿದ್ದ ಅಧಿಕಾರ ಅದೊಂದೇ. ಕೇಳಿದಾಗಲೆಲ್ಲ, ಕೇಳಿದ ಜಾಗದಲ್ಲಿ ಹಾಕಿ ಕೊಟ್ಟುಬಿಡುತ್ತಿದ್ದೆ.

ನಾನು ಪುಕ್ಕಲ ಮನುಷ್ಯ. ಹಳ್ಳಿಗೆ ಹೊರಟರೆ ನನ್ನ ಚೀಲದಲ್ಲಿ ನಾಲ್ಕು ಜೊತೆ ಬ್ಯಾಟರಿ, ಅನುಮತಿ ಪತ್ರದ ಮೂರು ಜೆರಾಕ್ಸು, ಬಿಸಿಲಿಗೆ ಕೊಡೆ, ಹೊಟ್ಟೆ ಕೆಟ್ಟರೆ ಒಂದು ಮಾತ್ರೆ, ಮಾತ್ರೆ ಒಗ್ಗದಿದ್ದರೆ ಇನ್ನೊಂದು. ಇಷ್ಟೆಲ್ಲ ಮುಂಜಾಗ್ರತೆಯ ಮನುಷ್ಯನ ಕೈಯಿಂದಲೇ ಈ ಕಥನದ ಅನಾಹುತ ಆಯಿತು.

ಹೊಳಗುಂದದಿಂದ ಆಚೆ ಒಂದು ಊರು. ಅಲ್ಲಿ ಕುರಿ ಸಾಕುವ ದೊಡ್ಡ ಮನೆತನವೊಂದರ ಹಿರಿಸೊಸೆ ಸಿಕ್ಕರು. ಹೆಚ್ಚುಕಡಿಮೆ ನನ್ನ ವಯಸ್ಸು. ನಾನು ಅಕ್ಕಾ ಎನ್ನುತ್ತಿದ್ದೆ. ಚೀಲ, ವಹಿ ಹಿಡಿದು ಬಂದವರೆಲ್ಲ ಆ ಊರಿಗೆ ಮಾಸ್ತರರೇ, ಹಾಗಾಗಿ ನಾನು ಮಾಸ್ತರ. ಆಕೆಯ ಗಂಡ ಹಿಂಡು ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದರು. ಮನೆಯ ಮುಂದಿನ ಬೇವಿನ ಕೆಳಗೆ ಕೂತು, ಕಳೆದ ಕುರಿಯ ಕಥೆಯನ್ನು ಕೇಳಿಸಿದೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ, ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿ ಹೊರಡುವವನ ಕಥೆ. ಅಕ್ಕ ಎರಡು ಸಲ ಕೇಳಿದರು. ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

"ಮಾಸ್ತರ, ಆ ತೊಂಬತ್ತೊಂಬತ್ತು ಕುರಿ ಯಾರ ಕೈಯಾಗ ಕೊಟ್ಟು ಹೋದ?"

"ಕಥೆಯಲ್ಲಿ ಅದನ್ನ ಹೇಳಿಲ್ಲಕ್ಕಾ."

"ಹೇಳಿಲ್ಲಂದ್ರ ಅವ ಕುರಿ ಕಾಯ್ದಾವಲ್ಲ ಬಿಡ್ರಿ. ತೋಳ ಬಂದ್ರ ಒಂದಕ್ಕ ಹೋದಾವ ನೂರಕ್ಕ ಅಳ್ತಾನ. ನಿಮ್ಮ ಸ್ವಾಮಿ ಬಡಿಗೇರ ಪೈಕಿ ಅಂದಿರಿ ಹೌದಿಲ್ಲೊ? ಅದಕ್ಕ ಹಿಂಗ."

ಇದನ್ನೂ ಮುದ್ರಿಸಿಕೊಂಡೆ, ನಿಯಮ ಎಂದರೆ ನಿಯಮ. ಆಮೇಲೆ ಅಕ್ಕ ಕಥೆ ಹೇಳತೊಡಗಿದರು. ನಾನು ಎಷ್ಟೋ ಊರುಗಳಲ್ಲಿ ಆ ಕಥೆಯನ್ನು ಕೇಳಿಸಿದ್ದೇನೆ, ಹಾಗೆ ಹೇಳಿದವರನ್ನು ಕಂಡಿಲ್ಲ. ಕುರಿ ಕಳೆದದ್ದು ಅವರದೇ. ಹಿಂಡನ್ನು ಮೈದುನನ ವಶಕ್ಕೆ ಕೊಟ್ಟರು, "ಅವ ನಿದ್ದಿಗಣ್ಣಿನಾವ, ಅದಕ್ಕ ನಾಯಿನೂ ಬಿಟ್ಟೆ" ಎಂದರು. ಹಳ್ಳ ಇಳಿದರು, ದಿಬ್ಬ ಹತ್ತಿದರು, ಗಂಟಲಲ್ಲೇ ಕುರಿ ಕರೆಯುವ ಸದ್ದು ತೆಗೆದರು. ಅರ್ಧ ದಾರಿಯಲ್ಲಿ ಆಚೆ ದಾಟಿ ತಾವೇ ಕುರಿಯಾದರು. "ನಾ ದಾರಿ ತಪ್ಪಿದ್ದೆ. ಜಾಲಿಮುಳ್ಳಿನಾಗ ಸಿಕ್ಕಿದ್ದೆ. ಒದರಿ ಒದರಿ ದನಿ ಹೋಗಿತ್ತು. ಆತ ಬಂದ. ಬೈಲಿಲ್ಲ, ಬಡೀಲಿಲ್ಲ. ಹೆಗಲ ಮ್ಯಾಲ ಹೊತ್ತುಕೊಂಡ." ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ಮುಗಿದ ಮೇಲೆ, ಹಾಗೆ ಎಲ್ಲರೂ ತಾವೇ ಆಗಿ ಯಾಕೆ ಹೇಳುತ್ತೀರಿ ಎಂದು ಕೇಳಿದೆ.

"ನಮ್ಮತ್ತಿ ಹಿಂಗ ಹೇಳ್ತಿದ್ಲು, ಅವರತ್ತಿನೂ ಹಿಂಗ. ಕಥಿ ಒಳಗ ನಿಂತು ಹೇಳಬೇಕು. ಹೊರಗ ನಿಂತು ಹೇಳಿದ್ರ ಅದು ಚಾಡಿ ಆಗ್ತೈತಿ."

ಪರೀಕ್ಷೆಯ ನಮೂನೆಯ ಜೊತೆ ಹಚ್ಚಲು ಕೇಳುಗರದೊಂದು ಫೋಟೋ ಬೇಕು. ಅಕ್ಕ ಒಳಗೆ ಹೋಗಿ ಮುಖ ತೊಳೆದು, ಹಣೆತುಂಬ ಭಂಡಾರ ಬಳಿದುಕೊಂಡು, ನಡುವೆ ಕುಂಕುಮ ಇಟ್ಟು ಬಂದು ಕೂತರು. ಭಂಡಾರ ಎಂದರೆ ಅವರ ಮನೆದೇವರಾದ ಮೈಲಾರಲಿಂಗನ ಅರಿಶಿನಪುಡಿ. "ಧ್ವನಿ ಪರೀಕ್ಷೆಗೆ ಮಾತ್ರ" ಎಂದು ಒಪ್ಪಿಗೆ ಪತ್ರವನ್ನು ನಾನೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮನೆಗೆ ಬಂದು ಪದಪದವಾಗಿ ಇಂಗ್ಲಿಷಿಗೆ ಇಳಿಸಿದೆ. ಇಲ್ಲಿ ಹೇಳುವವರು ಕುರಿಯಾಗಿ ನಿಂತು ಹೇಳುತ್ತಿದ್ದಾರೆ, ಇದು ಅವರ ಮನೆತನದ ಕಥೆ ಹೇಳುವ ರೀತಿ, ಅವರ ಸ್ವಂತ ಅನುಭವವಲ್ಲ ಎಂದು ಅಡಿಟಿಪ್ಪಣಿ ಹಾಕಿದೆ. ಮೂರನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ. ಹಾಕಿ, ನನ್ನ ಎಚ್ಚರಿಕೆಗೆ ನಾನೇ ಮೆಚ್ಚಿಕೊಂಡೆ.

ಅದಾಗಿ ಎರಡು ತಿಂಗಳಿಗೆ, ಒಂದು ಬುಧವಾರ, ಅಕ್ಕನ ಮೈದುನ ಆದೋನಿಯ ಮಾರ್ಕೆಟ್ಟಿಗೆ ಹತ್ತಿ ತಂದವನು ನೇರ ನಮ್ಮ ಮನೆಯ ಗೇಟಿಗೆ ಬಂದು ನಿಂತ. ನಿದ್ದೆಗಣ್ಣಿನವನು ಅವನೇ. ಅವತ್ತು ಅವನ ಕಣ್ಣಲ್ಲಿ ನಿದ್ದೆ ಇರಲಿಲ್ಲ.

"ಏಂ ಮಾಸ್ತರ, ಇದು ಯಾರ ಕೆಲಸ?" ಎಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ.

ನಮ್ಮ ಸಂಸ್ಥೆಯ ಸುದ್ದಿಪತ್ರದ ಪುಟ. ಹೊರದೇಶದ ಬೆಂಬಲಿಗರಿಗೆಂದು ಇಂಗ್ಲಿಷಿನಲ್ಲಿ ಬಂದದ್ದನ್ನು ಯಾರೋ ತೆಲುಗಿಗೆ ಮಾಡಿ ಹರಿಯಬಿಟ್ಟಿದ್ದರು. ಅದು ಬಳ್ಳಾರಿಯ ನೆಂಟರ ಮೊಬೈಲಿಗೆ ಹೋಗಿ, ಅಲ್ಲಿಂದ ಊರಿಗೆ ಬಂದಿತ್ತು. ನಡುವೆ ಅಕ್ಕನ ಫೋಟೋ. ಮೇಲೆ ದೊಡ್ಡ ಅಕ್ಷರದಲ್ಲಿ, ನಾನು ದಾರಿ ತಪ್ಪಿದ್ದೆ, ಆತ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡ. ಕೆಳಗೆ, ಕುರಿಗಾಹಿ ಹೆಂಗಸೊಬ್ಬಳು ತನ್ನ ಹಳೆಯ ದೇವರನ್ನು ಬಿಟ್ಟು ಬಂದ ಸಾಕ್ಷಿ. ನನ್ನ ಅನುವಾದದ ಸಾಲುಗಳೇ, ತೆಲುಗಿಗೆ ಬಂದರೂ ಒಂದು ಮಾತು ಬದಲಾಗಿಲ್ಲ. ತೊಂಬತ್ತೊಂಬತ್ತು ಕುರಿಯಿಲ್ಲ, ಮೈದುನನಿಲ್ಲ, ನಾಯಿಯಿಲ್ಲ, ಅಡಿಟಿಪ್ಪಣಿಯಿಲ್ಲ. ಕುರಿಯ ಮಾತನ್ನಷ್ಟೇ ಕತ್ತರಿಸಿ ಅಂಟಿಸಿದ್ದರು.

ಫೋಟೋ ನೋಡುತ್ತಿದ್ದಂತೆ ಏನೋ ತಪ್ಪಿದೆ ಎನಿಸಿತು. ಏನೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹಣೆ ಬೋಳು. ಭಂಡಾರವೂ ಇಲ್ಲ, ಕುಂಕುಮವೂ ಇಲ್ಲ. ಕಂಪ್ಯೂಟರಿನಲ್ಲಿ ಒರೆಸಿ, ಹುಟ್ಟಿದಾಗಿನಿಂದ ಅಲ್ಲೇನೂ ಇರಲೇ ಇಲ್ಲ ಎಂಬಷ್ಟು ನುಣ್ಣಗೆ ಮಾಡಿದ್ದರು.

"ನಮ್ಮಣ್ಣ ಜೀವಂತ ಅದಾನ," ಎಂದ ಮೈದುನ. "ಹೊಳಿ ದಂಡಿಮ್ಯಾಲ ಕುರಿ ಮೇಸಾಕತ್ತಾನ. ಪರಊರ ಮಂದಿ ಫೋನ್ ಮಾಡಿ ಕೇಳ್ತಾರ, ಯಾವಾಗ ತೀರಿಕೊಂಡ ಅಂತ."

ಒಳಗೆ ಬನ್ನಿ ಎಂದೆ. ಬರಲಿಲ್ಲ. ಬರುವ ಭಾನುವಾರ ಮನೆತನದವರೆಲ್ಲ ಸೇರಿ ಮೈಲಾರಲಿಂಗನಿಗೆ ವರ್ಷದ ಎಡೆ ಕೊಡುವುದಿತ್ತು. ಎಡೆ ಎಂದರೆ ದೇವರಿಗೆ ಮೀಸಲು ಹಿಡಿದು ಮಾಡುವ ಅಡುಗೆ. ಆ ಮನೆಯಲ್ಲಿ ಅದು ಹಿರಿಸೊಸೆಯ ಕೈಯದು, ಅತ್ತೆ ತೀರಿದ ವರ್ಷದಿಂದ ಅಕ್ಕನೇ ಮಾಡುತ್ತಿದ್ದರು. ಈ ಸಲ ಬೇರೆ ಸೊಸೆ ಮಾಡಲಿ ಎಂದು ಹಿರಿಯರು ಹೇಳಿಬಿಟ್ಟಿದ್ದರು. "ನಾನೂ ಹೌದಂದೀನಿ," ಎಂದ ಮೈದುನ. "ಎರಡು ಕಡಿ ಕಾಲಿಟ್ಟಾಕಿ ಕೈಲೆ ಎಡಿ ಮಾಡಸೂದು ಹ್ಯಾಂಗ? ಒಮ್ಮಿ ಕೈ ಬದಲಾತಂದ್ರ ಅದು ತಿರುಗಿ ಬರಂಗಿಲ್ಲ ಮತ್ತ. ನಮ್ಮತ್ತಿಗಿ ಮೂರು ದಿನ ಆತು, ಬಾಯಿ ಬಿಟ್ಟಿಲ್ಲ."

ಅವನು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ, ಎರಡೂ ಮಾತ್ರೆ ನುಂಗಿದ್ದು. ಎರಡನೆಯದು, ನನ್ನ ಅಡಿಟಿಪ್ಪಣಿಯನ್ನು ಹುಡುಕಿ ತೆಗೆದು ಹೆಂಡತಿಗೆ ತೋರಿಸಿದ್ದು. ನೋಡು, ನಾನು ಸ್ಪಷ್ಟವಾಗಿ ಬರೆದಿದ್ದೆ ಎಂದೆ.

"ನಿಮ್ಮ ಅಡಿಟಿಪ್ಪಣಿ ಓದಾಕಿ ಈ ಭೂಮಿ ಮ್ಯಾಲ ನಾನೊಬ್ಬಾಕಿ," ಎಂದಳು. "ಅದೂ ಕಿರಾಣಿ ಚೀಟಿ ಹಿಂದ ಬರದಿದ್ರ. ಆ ಹೆಣ್ಣುಮಗಳಿಗೇನು ಹೇಳ್ತೀರಿ? ಮೂರನೇ ಪುಟ ನೋಡ್ರಿ ಅಂತೀರೇನು?"

ನಗರದ ಕಚೇರಿಯ ಸಂಯೋಜಕರಿಗೆ ಫೋನು ಮಾಡಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಅವತ್ತು ಆ ತಾಳ್ಮೆಯೇ ನನ್ನ ಮೈ ಉರಿಸಿತು. ಮಾತು ತೆಲುಗಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ವಂದನಾಲು ಬ್ರದರ್. ಅದು ಅಲ್ಲಿಯ ಓದುಗರಿಗೆ ಮಾಡಿದ್ದು. ಊರಿನವರು ನೋಡುತ್ತಾರೆ ಅಂತ ಯಾರಿಗೆ ಗೊತ್ತಿತ್ತು?"

"ಊರಿನವರು ನೋಡದಿದ್ದರೆ ಅದು ನಿಜವಾಗುತ್ತದೆಯೇ?"

"ಬಹಳ ಮನಮುಟ್ಟುವ ಮಾತುಗಳು ಬ್ರದರ್. ಎಷ್ಟು ಜನ ಪ್ರಾರ್ಥನೆ ಮಾಡುತ್ತಿದ್ದಾರೆ ಆಕೆಗಾಗಿ."

"ಅದು ಕುರಿಯ ಮಾತು. ಆಕೆಯದಲ್ಲ."

"ಹೇಗೆ ನೋಡಿದರೂ ನಾವೆಲ್ಲ ಕುರಿಗಳೇ ಅಲ್ಲವಾ."

ಹಣೆಯನ್ನು ಯಾಕೆ ಒರೆಸಿದಿರಿ ಎಂದು ಕೇಳಿದೆ. ವಿನ್ಯಾಸದವರು ಮಾಡಿರಬೇಕು, ಅಲ್ಲಿಯ ಓದುಗರಿಗೆ ಗೊಂದಲ ಆಗಬಾರದು ಅಂತ, ಎಂದರು. ಆಕೆಯ ಗಂಡ ಬದುಕಿದ್ದಾರೆ ಎಂದೆ. ಸಂಯೋಜಕರೂ ನಮ್ಮ ಕಡೆಯವರೇ, ಬೋಳು ಹಣೆ ಎಂದರೆ ಏನೆಂದು ಬಲ್ಲವರೇ.  ಫೋಟೋ ತೆಗೆದುಹಾಕಿಸುತ್ತೇನೆ, ಆದರೆ ತಪ್ಪಾಯಿತೆಂದು ಪ್ರಕಟಿಸುವುದು ಆಗುವುದಿಲ್ಲ, ಬೆಂಬಲಿಗರ ನಂಬಿಕೆ ಕದಲುತ್ತದೆ ಎಂದರು. ನೀವು ಆ ಊರಿಗೆ ಹೋಗಲೂ ಬೇಡಿ, ದಿನಗಳು ಸರಿಯಿಲ್ಲ, ತಾನಾಗಿ ತಣ್ಣಗಾಗುತ್ತದೆ ಎಂದೂ ಹೇಳಿದರು.

ತಣ್ಣಗಾಗುವುದು ಎಂದರೇನು? ಭಾನುವಾರ ಬೇರೆ ಸೊಸೆಯ ಕೈಗೆ ಎಡೆ ಹೋಗುತ್ತದೆ, ಮುಂದಿನ ವರ್ಷವೂ ಹೋಗುತ್ತದೆ, ಅಕ್ಕ ತಮ್ಮ ಮನೆಯಲ್ಲೇ ಮೂಲೆ ಸೇರುತ್ತಾರೆ. ನನ್ನ ತಾತ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು. ಅದಕ್ಕಾಗಿ ಅವರ ಅಣ್ಣತಮ್ಮಂದಿರು ಸಾಯುವ ತನಕ ಅವರ ಜೊತೆ ಕೂತು ಉಣ್ಣಲಿಲ್ಲ. ಆದರೆ ಅದು ಅವರು ತಾವಾಗಿ, ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಎದುರಿಗೆ ಆಡಿದ ಮಾತು. ಅಷ್ಟು ಬೆಲೆಯ ಮಾತನ್ನು, ಆಡದೇ ಇದ್ದ ಹೆಂಗಸಿನ ಬಾಯಲ್ಲಿ ಇಡುವುದೆಂದರೆ? ಸುಳ್ಳು ಸಾಕ್ಷಿ ಹೇಳಬೇಡ ಎಂದು ಭಾನುವಾರದ ಪಾಠದಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುವವರು ನಾವು. ಆ ಸಿಟ್ಟಿನಲ್ಲಿ ಮಧ್ಯಾಹ್ನದ ಊಟ ಬಿಟ್ಟೆ. ಸಂಜೆ ಹಸಿವಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಹನ್ನೆರಡು ಕಥೆಗಳ ಒಪ್ಪಿಗೆಯ ನಮೂನೆ ನನ್ನ ಮೇಜಿನ ಮೇಲೆ ಸಹಿಗೆ ಬಂದು ಕೂತಿತ್ತು. ಗುರುವಾರ ಬೆಳಿಗ್ಗೆ ಅದರ ಮೇಲೆ ಅಡ್ಡಲಾಗಿ ಬರೆದೆ: ಒಂಬತ್ತನೆಯದಾದ ಕಳೆದ ಕುರಿಯ ಕಥೆಯ ಕೇಳುಗರ ಬಗ್ಗೆ ಪ್ರಕಟಿಸಿದ್ದು ಸುಳ್ಳೆಂದು ಸುದ್ದಿಪತ್ರದಲ್ಲೇ ಒಪ್ಪಿಕೊಳ್ಳುವ ತನಕ ಪರೀಕ್ಷಕನ ಸಹಿ ಇಲ್ಲ. ಸಲಹೆಗಾರರಿಗೂ ಸಂಯೋಜಕರಿಗೂ ಕಳಿಸಿದೆ. ಈ ಸಲ ಸಣ್ಣ ಅಕ್ಷರದಲ್ಲಿ ಬರೆಯಲಿಲ್ಲ. 

ಶುಕ್ರವಾರ ಬಸ್ಸು ಹತ್ತಿದೆ. ಕಲ್ಲು ಬೀಳಬಹುದು ಎಂದು ಹೆದರಿದ್ದೆ. ಕಲ್ಲು ಬಿದ್ದರೆ ಹಚ್ಚಲು ಟಿಂಚರು ಕೂಡ ಇಟ್ಟುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಮನೆತನದ ಹಿರಿಯರು, ಅಕ್ಕನ ಮಾವನ ತಮ್ಮ, ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕೂತಿದ್ದರು. ಸುತ್ತ ಎಂಟು ಹತ್ತು ಜನ. ಮೈದುನ ಕಂಬಕ್ಕೆ ಒರಗಿ ನಿಂತಿದ್ದ. ಅಕ್ಕ ಬಾಗಿಲ ಒಳಗೆ. ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು.

"ಕುಂಡ್ರಿ ಮಾಸ್ತರ," ಎಂದರು ಹಿರಿಯರು. "ನಮ್ಮ ಸೊಸಿಗೆ ಯಾವಾಗ ಸ್ನಾನ ಮಾಡಿಸಿದ್ರಿ?"

ಯಾರೋ ನಕ್ಕರು. ನಾನು ಚೀಲದಿಂದ ಸ್ಪೀಕರು ತೆಗೆದು, ಮೂಲ ಮುದ್ರಣವನ್ನು ಮೊದಲಿಂದ ಹಚ್ಚಿದೆ. ತೊಂಬತ್ತೊಂಬತ್ತರ ಪ್ರಶ್ನೆ ಬಂತು. ಹಿರಿಯರ ತಕಲಿ ನಿಂತಿತು. "ಖರೆ ಕೇಳ್ಯಾಳ," ಎಂದರು. ಬಡಿಗೇರರ ಮಾತಿಗೆ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿದ್ದೆಗಣ್ಣಿನ ಮೈದುನ ಬಂದಾಗ ಕಟ್ಟೆಯೇ ನಕ್ಕಿತು.

"ಏನಲೇ, ನಾಯಿ ಕಾವಲ ನಿನಗ," ಎಂದರು ಒಬ್ಬರು. ಮೈದುನ ನೆಲ ನೋಡಿದ. ಅವನ ತುಟಿಯೂ ಸ್ವಲ್ಪ ಸಡಿಲವಾಗಿತ್ತು.

ಆಮೇಲೆ ಜಾಲಿಮುಳ್ಳು ಬಂತು.  ಆ ಮುಳ್ಳಿನಿಂದ ಕುರಿ ಬಿಡಿಸದ ಕೈ ಅಲ್ಲಿ ಒಂದೂ ಇರಲಿಲ್ಲ. ಕಥೆ ಮುಗಿಯಿತು, ಹೊರಗೆ ನಿಂತು ಹೇಳಿದರೆ ಚಾಡಿ ಎಂಬ ಮಾತೂ ಬಂದು ಹೋಯಿತು. ಹಿರಿಯರು ತಕಲಿ ಪಕ್ಕಕ್ಕಿಟ್ಟರು.

"ನಮ್ಮತ್ತಿಗಿ, ಈಕಿ ಅತ್ತಿ, ಹೇಳ್ದಂಗ ಹೇಳ್ಯಾಳ. ಇದು ಕಥಿ. ಇದನ್ನ ಯಾರು ಕಥಿ ಅಲ್ಲಂದಾವ?"

"ನಮ್ಮ ಸಂಸ್ಥೆಯವರು. ನಾನು ಇಂಗ್ಲಿಷಿಗೆ ಬರೆದು ಕೊಟ್ಟೆ. ಅವರು ಬೇಕಾದ್ದನ್ನ ಕತ್ತರಿಸಿಕೊಂಡರು."

"ಕತ್ತರಿ ಕೊಟ್ಟಾವ ನೀನು."

"ಹೌದು," ಎಂದೆ.

ಅಷ್ಟರಲ್ಲಿ ಅಕ್ಕ ಹೊಸ್ತಿಲಿಗೆ ಬಂದರು. "ಕಥಿ ಮಾತು ಇರ್ಲಿ ಮಾಸ್ತರ. ಕಥಿ ಯಾರಾದ್ರೂ ಹ್ಯಾಂಗಾದ್ರೂ ಹೇಳ್ಕೊಳ್ಲಿ. ನಾ ಮಾರಿ ತೊಳದು, ಭಂಡಾರ ಹಚ್ಚಿಕೊಂಡು ಬಂದು ನಿಮ್ಮ ಮುಂದ ಕುಂತೆ. ನೀವ ಫೋಟೋ ಹೊಡದ್ರಿ. ನನ್ನ ಹಣಿ ಯಾರು ಒರಸಿದ್ರು?"

ದಾರಿಯುದ್ದಕ್ಕೂ ನಾಲ್ಕು ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ.  ಅಕ್ಕ ಒಂದಕ್ಕೂ ಕಾಯದೆ ಒಳಗೆ ಹೋದರು.

ಹಿರಿಯರು ಹೇಳಿದಂತೆ ಕನ್ನಡದಲ್ಲೊಂದು ತೆಲುಗಿನಲ್ಲೊಂದು ಕಾಗದ ಬರೆದು ಕೊಟ್ಟೆ: ಈಕೆ ನಮಗೊಂದು ಕಥೆ ಹೇಳಿದರು, ಅಷ್ಟೇ, ಮತ ಬಿಟ್ಟಿಲ್ಲ, ಬರೆದದ್ದು ಸುಳ್ಳು. ಕೆಳಗೆ ನನ್ನ ಹೆಸರು, ನನ್ನ ಊರು. ಮೈದುನ ಎರಡನ್ನೂ ಓದಿ, ತೆಲುಗಿನಲ್ಲಿ ಒಂದು ಕಡೆ ಬಿಟ್ಟಿದ್ದ ಒತ್ತಕ್ಷರ ಹಾಕಿಸಿದ. ಹಿರಿಯರಿಗೆ ಅದಿನ್ನೂ ಸಾಲದಾಗಿತ್ತು.

"ಕಾಗದ ನಾವು ನೋಡಿದ್ವಿ. ಊರು ನೋಡಬೇಕಲ್ಲ. ಐತವಾರ ಬರ್ರಿ. ನಮ್ಮ ಸೊಸಿ ಎಡಿ ಮಾಡ್ತಾಳ. ಆಕಿ ನಿಮ್ಮ ಮತದಾಕಿ ಆಗಿದ್ರ ನಿಮ್ಮ ಕಣ್ಣ ಮುಂದ ಎಡಿ ಮಾಡ್ತಾಳೇನು? ನೀವು ಬಂದು ಕುಂಡ್ರಿ, ಮುಗಿಯೂತನಕ ಏಳಬ್ಯಾಡ್ರಿ. ಮಂದಿ ನೋಡ್ಲಿ."

ಭಾನುವಾರ ಎಂದರೆ ಆರಾಧನೆ. ಕಾಯಿಲೆ ಬಿದ್ದಾಗ ಬಿಟ್ಟರೆ ನಾನು ತಪ್ಪಿಸಿದವನಲ್ಲ. ಬರುತ್ತೇನೆ ಎಂದೆ.

ಕಚೇರಿಯ ಕಡೆಯದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನಾನು ಫೋನು ಮಾಡಿದ ಮರುದಿನವೇ ಫೋಟೋ ಕಾಣೆಯಾಯಿತು. ತಿದ್ದುಪಡಿ ಬಂದದ್ದು ಮೂರು ವಾರ ಬಿಟ್ಟು. ಅದೂ ಸಲಹೆಗಾರರು ನಮೂನೆಯಿಲ್ಲದೆ ಕೆಲಸ ಮುಂದೆ ಹೋಗದು ಎಂದು ಬರೆದ ಮೇಲೆ. ಕೊನೆಯ ಪುಟದಲ್ಲಿ ಮೂರು ಸಾಲು: ಸ್ಥಳೀಯ ಅನುವಾದದ ಲೋಪದಿಂದ ಒಂದು ಕಥೆಯನ್ನು ಸಾಕ್ಷಿ ಎಂದು ತಿಳಿಯಲಾಗಿತ್ತು. ಲೋಪ ಅನುವಾದದ್ದಂತೆ. ಹಣೆಯ ಬಗ್ಗೆ ಒಂದು ಮಾತಿಲ್ಲ. ನಾನು ಅದನ್ನು ಒಪ್ಪಲಿಲ್ಲ. ನಮೂನೆ ಇವತ್ತಿಗೂ ಸಹಿಯಿಲ್ಲದೆ ನನ್ನ ಮೇಜಿನಲ್ಲೇ ಇದೆ. ಕೇಳಿದವರಿಗೆಲ್ಲ, ಭಂಡಾರ ಇರುವ ಮೂಲ ಫೋಟೋ ಹಾಕಿ, ಒರೆಸಿದವರು ನಾವು ಎಂದು ಬರೆಯಿರಿ, ಅವತ್ತೇ ಸಹಿ ಎಂದು ಹೇಳುತ್ತಿದ್ದೇನೆ. ಹೊಸ ಪರೀಕ್ಷಕರನ್ನು ಹುಡುಕುತ್ತಿದ್ದಾರೆಂದು ಕೇಳಿದೆ. ಈ ಕೆಲಸ ಇದೆಯೆಂದು ನಂಬುವ ಇನ್ನೊಬ್ಬ ಸಿಗಬೇಕಲ್ಲ.

ಆ ಭಾನುವಾರ ಹೋದೆ. ಅಂಗಳದ ತುಂಬ ಕಂಬಳಿ ಹಾಸಿತ್ತು. ಊರಿನ ಅರ್ಧ ಜನ ದೇವರನ್ನು ನೋಡಲು ಬಂದಿದ್ದರು, ಇನ್ನರ್ಧ ನನ್ನನ್ನು. ಗಂಡ ಹಿಂಡು ಬಿಟ್ಟು ಬಂದಿದ್ದರು. ಬಂದವರೆಲ್ಲ ಅವರ ತೋಳು ಮುಟ್ಟಿ, ಜೀವಂತ ಅದೀಯಲ್ಲಪ್ಪ ಎಂದು ತಮಾಷೆ ಮಾಡುತ್ತಿದ್ದರು. ಅಕ್ಕ ಒದ್ದೆ ಸೀರೆಯಲ್ಲಿ, ಯಾರನ್ನೂ ಒಲೆಯ ಹತ್ತಿರ ಬಿಡದೆ ಒಬ್ಬರೇ ಅಡುಗೆ ಮಾಡಿದರು. ಹಣೆಯ ಭಂಡಾರ ಹುಬ್ಬಿನವರೆಗೆ ಇಳಿದಿತ್ತು, ಎರಡು ಪಾಲು ಹಚ್ಚಿದ್ದರು. ಎಡೆಯನ್ನು ತಲೆಯ ಮೇಲೆ ಹೊತ್ತು ಅಂಗಳದ ಈ ತುದಿಯಿಂದ ಆ ತುದಿಗೆ, ನನ್ನ ಮುಂದೆಯೇ ನಡೆದು ಹೋಗಿ ದೇವರ ಮುಂದೆ ಇಟ್ಟರು. ಹಿರಿಯರು ಊರಿನವರ ಕಡೆ ಒಮ್ಮೆ ನೋಡಿದರು. 

ನನ್ನ ಚಿಂತೆ ಆಗ ಶುರುವಾಯಿತು. ದೇವರ ಮುಂದೆ ಇಟ್ಟ ಎಡೆಯನ್ನು ನಮ್ಮ ಸಭೆಯವರು ಉಣ್ಣುವುದಿಲ್ಲ. ಉಂಡರೆ ಸಭೆಯ ಹಿರಿಯರಿಗೆ ನಾನು ಉತ್ತರ ಕೊಡಬೇಕು. ಒಲ್ಲೆ ಎಂದರೆ ಇಷ್ಟು ಜನರ ಮುಂದೆ ಆಕೆಯ ಕೈಯಡುಗೆಗೆ ಅಪಮಾನ. ಸಾಲಿನಲ್ಲಿ ಎಲೆ ಹಾಕುತ್ತ ಬಂದರು. ಹೊಟ್ಟೆ ಸರಿಯಿಲ್ಲ ಎನ್ನಲು ಬಾಯಿ ಸಿದ್ಧ ಮಾಡಿಕೊಂಡೆ. 

ನನ್ನ ಎಲೆಯ ಹತ್ತಿರ ಮೈದುನ ಬಡಿಸುವ ಪಾತ್ರೆ ಹಿಡಿದು ಬಾಗಿದ. ಅಕ್ಕ ಹಿಂದಿನಿಂದ ಬಂದು ಅವನ ಕೈ ತಡೆದರು. ಇನ್ನೊಂದು ಸಣ್ಣ ಪಾತ್ರೆ ತಂದಿದ್ದರು. ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಎಲ್ಲ ಅದರಿಂದ ಬಡಿಸಿದರು.

"ಇದು ಬ್ಯಾರೆ ಒಲಿಮ್ಯಾಲ ಮಾಡಿದ್ದು, ಮಾಸ್ತರ," ಎಂದರು, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ. "ದೇವರ ಮುಂದ ಇಟ್ಟಿಲ್ಲ. ನಿಮಗ ನಡಿಯಂಗಿಲ್ಲಲ್ಲ. ಉಣ್ರಿ."